ನೂರಾ ಇಪ್ಪತ್ತು ಗುಂಡಿ

ತಾರ್ತು ಊರಿನಲ್ಲಿ, ಹಿಂದೊಮ್ಮೆ ಬ್ರೆಡ್ ಸುಡುತ್ತಿದ್ದ ಕಟ್ಟಡದ
ಮೂರನೇ ಮಹಡಿಯಲ್ಲಿ, ನಾವು ಏಳು ಮಂದಿ
ಒಂದು ಬ್ರೌಸರ್ ಕಟ್ಟುತ್ತಿದ್ದೆವು.
ಅದನ್ನು ಬಳಸುವವರೆಲ್ಲ ಸೇರಿದರೆ
ಒಂದು ಸಣ್ಣ ಪೇಟೆ ತುಂಬೀತು, ಅಷ್ಟೆ.

ನನ್ನ ಕೆಲಸ ತೆಗೆಯುವುದು,
ತಾವೆಟನದು ಸೇರಿಸುವುದು.
ಟಿಪ್ಪಣಿಗೊಂದು ಪಟ್ಟಿ, ಹವಾಮಾನಕ್ಕೊಂದು ಕಿಂಡಿ,
ಟ್ಯಾಬಿಗೆ ಬಣ್ಣ, ಬಣ್ಣಕ್ಕೆ ಹೆಸರು,
ಹೆಸರು ಮರೆತವರಿಗೆ ಹುಡುಕಲೊಂದು ಭೂತಗನ್ನಡಿ.
"ಬೇಡದವರು ಮುಟ್ಟದಿರಲಿ" ಅನ್ನುತ್ತಾನೆ.
ಮುಟ್ಟದಿದ್ದರೂ ನೋಡಬೇಕಲ್ಲ ಮಾರಾಯ,
ಕಣ್ಣಿಗೂ ದಣಿವು ಅಂತ ಒಂದಿದೆ,
ತೆರೆ ಇದ್ದಷ್ಟು ಕಾಲು ಚಾಚು.

"ನಿನ್ನ ಕೈಗೆ ಬಿಟ್ಟರೆ ಕೊನೆಗೆ ಉಳಿಯೋದು
ಬಿಳಿ ಗೋಡೆ, ನಡುವೆ ಒಂದು ಬಾಗಿಲು.
ಅದಕ್ಕೂ ಚಿಲಕ ಯಾಕೆ ಅಂತ ಕೇಳ್ತೀಯ."
ಸುಳ್ಳಲ್ಲ. ಚಿಲಕವಿಲ್ಲದ ಬಾಗಿಲಿನ ಚಿತ್ರ
ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಕಡೆ ಇದೆ.

ಮಾರ್ಚಿನಲ್ಲಿ, ನದಿಯ ಮಂಜುಗಡ್ಡೆ ಸದ್ದುಮಾಡಿ ಒಡೆಯುವ ವಾರ,
ನಾನೊಂದು ಗುಂಡಿ ತೆಗೆದೆ.
ಎರಡು ಪುಟಗಳನ್ನು ಅಕ್ಕಪಕ್ಕ ಕೂರಿಸುವ ಗುಂಡಿ,
ಬಲಮೂಲೆಯದು.
ನೂರಕ್ಕೆ ಸೊನ್ನೆ ಪಾಯಿಂಟ್ ನಾಲ್ಕು ಜನ, ಎಂದಿತು ಲೆಕ್ಕ.
ಆ ಸೊನ್ನೆ ಪಾಯಿಂಟ್ ನಾಲ್ಕಕ್ಕೆ
ಮುಖವೇನೂ ಇರಲಿಲ್ಲ.

ಪರೀಕ್ಷೆಗೆಂದು ಬಂದವನು ಕಾಲ್ಯೊ, ಅಕಾರ್ಡಿಯನ್ ರಿಪೇರಿಯವನು,
ಎರಡು ಕಾಫಿ ಕೂಪನ್ನಿನ ಆಸೆಗೆ.
ಉಗುರ ಸಂದಿಯಲ್ಲಿ ಜೇನುಮೇಣ, ಕಾಲ ಬಳಿ ಕಪ್ಪು ಪೆಟ್ಟಿಗೆ.
ಗಾಜಿನಾಚೆ ನಿಂತು ನೋಡಿದೆ:
ಎಂದೋ ಮುಚ್ಚಿಹೋದ ಯಾವುದೋ ಕಂಪನಿಯ ಸ್ವರಪಟ್ಟಿ ತೆರೆದ,
ಬಾಣ ಸೀದಾ ಬಲಮೂಲೆಗೆ ಹೋಯಿತು.
ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋದ ಹಾಗೆ
ಮತ್ತೆ ಹೋಯಿತು. ಒಂದು ಸುತ್ತು ಹಾಕಿತು. ನಿಂತಿತು.
ಗುಂಡಿ ತೆಗೆದಲ್ಲಿ ಗುಂಡಿ ಬಿದ್ದಿತ್ತು,
ಅವನು ಕಾಲಿಟ್ಟಿದ್ದ.

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
ಜೇಬಿನಿಂದ ಪೆನ್ನು ತೆಗೆದು
ಒಂದು ಪುಟದ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡು
ಇನ್ನೊಂದು ಪುಟಕ್ಕೆ ಹೋದ.

"ಹೇಗಿದೆ?"
"ಚೊಕ್ಕಟವಾಗಿದೆ. ಸುಣ್ಣ ಹೊಡೆದ ಮನೆ.
ನನ್ನ ಸುತ್ತಿಗೆ ಎಲ್ಲಿಟ್ಟಿರಿ?"

ತಾವೆಟನ ಮುಖ ಅರಳಿತು, ಬಾಯಿಯೂ ತೆರೆಯಿತು.
ಅಷ್ಟರಲ್ಲಿ ಕಾಲ್ಯೊ ಪೆಟ್ಟಿಗೆ ತೆರೆದ:
"ಎಡಗೈ ಕಡೆ ನೂರಾ ಇಪ್ಪತ್ತು ಗುಂಡಿ.
ನುಡಿಸುವವನ ಕಣ್ಣಿಗೆ ಒಂದೂ ಕಾಣುವುದಿಲ್ಲ."
ನನ್ನ ಬೆರಳು ಹಿಡಿದು ಒಂದರ ಮೇಲಿಟ್ಟ.
ನೆತ್ತಿಯಲ್ಲಿ ಸಣ್ಣ ಗುಳಿ,
ಮಗುವಿನ ಕೆನ್ನೆಯಲ್ಲಿ ಬೀಳುತ್ತದಲ್ಲ, ಅಂಥದ್ದು.
"ಇದು ಮನೆ. ಇಲ್ಲಿಂದ ಯಾವ ಕಡೆಗಾದರೂ ಹೋಗಬಹುದು."
"ಎಲ್ಲದಕ್ಕೂ ಗುಳಿ ಕೊರೆದರೆ?" ತಾವೆಟ್ ಕೇಳಿದ.
"ಆಗ ನೀನು ಮನೆ ಹುಡುಕುತ್ತಲೇ ಇರುತ್ತೀಯ."

ಎದ್ದು ಹೊರಟವನು ಬಾಗಿಲಲ್ಲಿ ನಿಂತು ಹೇಳಿದ:
ಎಂಟು ಗುಂಡಿಯದನ್ನು ಕೊಂಡ ಹುಡುಗರು
ಎರಡೇ ವರ್ಷಕ್ಕೆ ವಾಪಸು ತರುತ್ತಾರೆ, ಸಾಲದು ಅಂತ.
ನೂರಾ ಇಪ್ಪತ್ತರದ್ದನ್ನು ಮುದುಕರು ವಾಪಸು ತರುತ್ತಾರೆ,
ಭುಜ ನೋವು ಅಂತ.
ಎರಡನ್ನೂ ತಗೊಳ್ತೀನಿ. ಅಂಗಡಿ ನಡೆಯೋದೇ ಹಾಗೆ.

ಆ ರಾತ್ರಿ ಎಲ್ಲರೂ ಹೋದ ಮೇಲೆ
ದೀಪ ಹಚ್ಚದೆ ಕೀಲಿಮಣೆಯ ಮೇಲೆ ಕೈಯಿಟ್ಟೆ.
ತೋರುಬೆರಳುಗಳ ಕೆಳಗೆ, ಎರಡೇ ಎರಡು ಕೀಲಿಗಳ ಮೇಲೆ,
ಅಕ್ಕಿಕಾಳಿಗಿಂತ ಚಿಕ್ಕ ಎರಡು ಏರು.
ಹತ್ತೊಂಬತ್ತು ವರ್ಷದಿಂದ ಮುಟ್ಟುತ್ತಿದ್ದೇನೆ,
ಇವತ್ತು ತಗುಲಿದವು.

ಗುರುವಾರ ಗುಂಡಿ ಮರಳಿ ಮೂಲೆಗೆ ಬಂತು,
ತುಸು ಮಸುಕಾಗಿ. ಬಾಣ ಹತ್ತಿರ ಬಂದರೆ ಮಾತ್ರ ಬೆಳಗುವಂತೆ.
ಹವಾಮಾನದ ಕಿಂಡಿ ಬರಲಿಲ್ಲ.
ತಾವೆಟ್ ನಾಲ್ಕು ದಿನ ಮಾತು ಬಿಟ್ಟ,
ಐದನೆಯ ದಿನ ಮಳೆ ಬಂದಾಗ
ನನ್ನತ್ತ ನೋಡಿ ಕೊಡೆ ಅಲ್ಲಾಡಿಸಿದ.

ಸೋಮವಾರ ಪ್ಯಾರ್ನುವಿನಿಂದ ಒಂದು ಕಾಗದ:
"ಬಲಮೂಲೆಯಲ್ಲಿ ಏನೋ ಮಿಣುಕುತ್ತದೆ.
ದಯವಿಟ್ಟು ತೆಗೆಯಿರಿ."